ಒಂದೇ ಹಾಸಿಗೆ, ಒಬ್ಬರಿಗೇ ತುರಿಕೆ: ತಗಣಿ ಕಾಟಕ್ಕೆ ಪ್ರಯಾಣಿಕರು ಮಾಡಬೇಕಾದ್ದು

ಜಾತ್ರೆಗೋ ಮದುವೆಗೋ ಹೋಗಿ ಒಂದು ರಾತ್ರಿ ವಸ್ತಿ ಮಾಡಿ ಬಂದ ಮನೆಮಂದಿಯಲ್ಲಿ ಒಬ್ಬರ ಕೈ, ಕುತ್ತಿಗೆ ತುಂಬ ಕೆಂಪು ದದ್ದು ಏಳುತ್ತವೆ. ಅದೇ ಹಾಸಿಗೆಯಲ್ಲಿ ಮಲಗಿದ್ದ ಉಳಿದವರ ಮೈಮೇಲೆ ಒಂದು ಗುರುತೂ ಇರುವುದಿಲ್ಲ. ‘ನಿನ್ನ ರಕ್ತ ಸಿಹಿ ಐತಿ, ಅದಕ್ಕೇ ತಗಣಿ ನಿನ್ನನ್ನೇ ಹುಡುಕಿಕೊಂಡು ಬಂದಾವ’ ಎಂಬ ಮಾತು ಇರಕಲ್ಲಗಡದ ಕಟ್ಟೆಯ ಮೇಲೂ ಕೇಳುತ್ತದೆ, ಬೆಂಗಳೂರಿನ ಪೀಜಿಯಲ್ಲೂ ಕೇಳುತ್ತದೆ. ಅದು ನಿಜವಲ್ಲ. ಬಹಳಷ್ಟು ಸಲ ತಗಣಿ ಎಲ್ಲರನ್ನೂ ಕಚ್ಚಿರುತ್ತದೆ, ದದ್ದು ಏಳುವುದು ಮಾತ್ರ ಒಬ್ಬಿಬ್ಬರಿಗೆ. ಇದು ತಿಳಿಯದೆ ದದ್ದು ಎದ್ದವರ ಚೀಲವನ್ನಷ್ಟೇ ಜಾಡಿಸುತ್ತೇವೆ, ಏಳದವರ ಚೀಲ ಸೀದಾ ಒಳಕೋಣೆಗೆ ಹೋಗುತ್ತದೆ. ತಗಣಿ ಮನೆ ಹೊಗುವುದು ಹೀಗೆ.

ಕೊಪ್ಪಳ ಜಿಲ್ಲೆಯವರಿಗೆ ಇದು ಸಣ್ಣ ವಿಷಯವಲ್ಲ. ಯಲಬುರ್ಗಾ, ಕುಷ್ಟಗಿ ಕಡೆಯ ಮಳೆಯಾಶ್ರಿತ ಊರುಗಳಿಂದ ಜನ ಬೆಂಗಳೂರು, ಮಂಗಳೂರು, ಗೋವಾಕ್ಕೆ ಗುಳೆ ಹೋಗುತ್ತಾರೆ. ಅಲ್ಲಿ ತಗಡಿನ ಶೆಡ್ಡಿನೊಳಗೆ ಒತ್ತೊತ್ತಾಗಿ ಮಲಗಿ, ಹಬ್ಬಕ್ಕೆ ಬರುವಾಗ ಕೌದಿ, ಚಾದರ ಗಂಟು ಕಟ್ಟಿಕೊಂಡು ಬರುತ್ತಾರೆ. ಇತ್ತ ಆನೆಗೊಂದಿ, ಅಂಜನಾದ್ರಿ, ಸಾಣಾಪುರಕ್ಕೆ ದೇಶ ವಿದೇಶಗಳ ಪ್ರವಾಸಿಗರು ಬರುತ್ತಾರೆ. ಹುಲಿಗಿಗೆ ಹುಣ್ಣಿಮೆಯ ಭಕ್ತರು, ಜನವರಿ ಸುಮಾರಿಗೆ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ದಿನಕ್ಕೊಬ್ಬರು ಮಲಗಿ ಎದ್ದುಹೋಗುವ ಹಾಸಿಗೆ ಎಲ್ಲಿದ್ದರೂ ಅಲ್ಲಿ ತಗಣಿಗೆ ದಾರಿ ಇದೆ. ಬಡತನಕ್ಕೂ ಹೊಲಸಿಗೂ ಇದನ್ನು ಗಂಟು ಹಾಕಬೇಡಿ. 2023ರಲ್ಲಿ ಪ್ಯಾರಿಸ್ ನಗರವೇ ಒಲಿಂಪಿಕ್ಸ್ ಹೊಸ್ತಿಲಲ್ಲಿ ತಗಣಿಯ ಗಾಬರಿಗೆ ಬಿದ್ದಿತ್ತು.

ಕಡಿತ ಎಲ್ಲರಿಗೂ, ದದ್ದು ಕೆಲವರಿಗೆ

ತಗಣಿಯ ಸೊಂಡಿಲಿನಲ್ಲಿ ಎರಡು ನಾಳಗಳಿವೆ. ಒಂದು ಜೊಲ್ಲನ್ನು ಒಳಗೆ ಬಿಡುತ್ತದೆ, ಇನ್ನೊಂದು ರಕ್ತ ಹೀರುತ್ತದೆ. ಆ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ, ರಕ್ತನಾಳ ಹಿಗ್ಗಿಸುವ ಪ್ರೋಟೀನುಗಳಿರುತ್ತವೆ. ಐದರಿಂದ ಹತ್ತು ನಿಮಿಷ ಹೀರಿ ಹೋದರೂ ಮಲಗಿದವರಿಗೆ ಎಚ್ಚರವಾಗುವುದಿಲ್ಲ. ದದ್ದು ಬರುವುದು ಚುಚ್ಚಿದ ಗಾಯದಿಂದಲ್ಲ. ಈ ಪ್ರೋಟೀನುಗಳನ್ನು ನಮ್ಮ ದೇಹ ಪರಕೀಯವೆಂದು ಗುರುತಿಸಿ ಹೋರಾಟಕ್ಕೆ ಇಳಿದಾಗ ಆ ಜಾಗ ಕೆಂಪಾಗಿ ಊದಿಕೊಳ್ಳುತ್ತದೆ. ಗುರುತಿಸದ ಮೈಯಲ್ಲಿ ಏನೂ ಕಾಣದು.

ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಈ ಗುರುತಿಸುವಿಕೆ ಕಡಿತ ಹೆಚ್ಚಿದಂತೆ ಬೆಳೆಯುತ್ತದೆ ಎಂಬುದನ್ನು ಚೆನ್ನಾಗಿ ತೋರಿಸಿತು. ಮತ್ತೆ ಮತ್ತೆ ಕಚ್ಚಿಸಿಕೊಂಡ 19 ಜನರಲ್ಲಿ 18 ಮಂದಿಗೆ ಕೊನೆಗೆ ದದ್ದು ಬಂತು. ಮೊದಮೊದಲು ಕಡಿತಕ್ಕೂ ದದ್ದಿಗೂ ನಡುವೆ ಸುಮಾರು ಹತ್ತು ದಿನಗಳ ಅಂತರವಿತ್ತು, ಕಡಿತ ಹೆಚ್ಚಿದಂತೆ ಅದು ಕೆಲವೇ ಸೆಕೆಂಡುಗಳಿಗೆ ಇಳಿಯಿತು. ಮೊದಲ ಬಾರಿ ತಗಣಿ ಕಂಡ ಪ್ರವಾಸಿಗೆ ಊರಿಗೆ ಮರಳಿದ ವಾರದ ಮೇಲೆ ತುರಿಕೆ ಶುರುವಾಗಬಹುದು. ಶೆಡ್ಡಿನಲ್ಲಿ ವರ್ಷಗಟ್ಟಲೆ ಮಲಗಿದವರಿಗೆ ಬೆಳಗಾಗುವುದರೊಳಗೆ ದದ್ದು ಎದ್ದಿರಬಹುದು. ಆದ್ದರಿಂದ ನಿನ್ನೆ ತಂಗಿದ ಲಾಡ್ಜಿನ ಮೇಲೆ ತಪ್ಪು ಹೊರಿಸುವ ಮುನ್ನ ಹಿಂದಿನ ಎರಡು ವಾರ ಎಲ್ಲೆಲ್ಲಿ ಮಲಗಿದ್ದಿರಿ ಎಂದು ನೆನಪು ಮಾಡಿಕೊಳ್ಳಿ.

ಇಳಿವಯಸ್ಸಿನವರಲ್ಲಿ ದದ್ದು ಕಡಿಮೆ. ನೆಗಡಿಗೋ ಅಲರ್ಜಿಗೋ ಸೆಟ್ರಿಜಿನ್‌ನಂಥ ಗುಳಿಗೆ ನುಂಗುತ್ತಿರುವವರಲ್ಲೂ ಅದು ಅಡಗಿಬಿಡಬಹುದು. ‘ಅಜ್ಜಿಗೆ ಏನೂ ಆಗಿಲ್ಲ’ ಎಂದು ಅಜ್ಜಿಯ ಹಾಸಿಗೆ ಬಿಡುವುದು ದೊಡ್ಡ ತಪ್ಪು. ತಗಣಿಯ ದಂಡು ಅಲ್ಲೇ ಸದ್ದಿಲ್ಲದೆ ಬೆಳೆಯುತ್ತಿರುತ್ತದೆ.

ನಿಜವಾಗಿಯೂ ಹೆಚ್ಚು ಕಚ್ಚಿಸಿಕೊಳ್ಳುವವರು ಇಲ್ಲವೇ ಇಲ್ಲ ಎಂದಲ್ಲ. ತಗಣಿ ಹಾರುವುದಿಲ್ಲ, ಜಿಗಿಯುವುದೂ ಇಲ್ಲ, ನಡೆದೇ ಬರಬೇಕು. ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅದನ್ನು ಅಡಗುತಾಣದಿಂದ ಎಬ್ಬಿಸುತ್ತದೆ, ಹತ್ತಿರ ಬಂದ ಮೇಲೆ ಮೈಯ ಶಾಖ ಮತ್ತು ವಾಸನೆ ದಾರಿ ತೋರುತ್ತವೆ. ಹೀಗಾಗಿ ಗೋಡೆಯ ಬದಿ ಅಥವಾ ಮಂಚದ ತಲೆಹಲಗೆಯ ಬದಿ ಮಲಗಿದವರು ಮೊದಲು ಸಿಗುತ್ತಾರೆ. ತೋಳು ಕಾಲು ಬಿಟ್ಟುಕೊಂಡು ಮಲಗಿದವರು, ದಣಿದು ಕದಲದೆ ನಿದ್ದೆ ಹೋದವರು ಹೆಚ್ಚು ಹೊತ್ತು ಸಿಗುತ್ತಾರೆ. ರಕ್ತದ ಗುಂಪು, ಸಕ್ಕರೆ ಕಾಯಿಲೆ, ಮೈಬಣ್ಣ ನೋಡಿ ತಗಣಿ ಆರಿಸಿಕೊಳ್ಳುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆಯಿಲ್ಲ.

ಕೋಣೆಗೆ ಕಾಲಿಟ್ಟ ಕೂಡಲೇ

ಚೀಲವನ್ನು ಮಂಚದ ಮೇಲೆ ಇಡಬೇಡಿ, ಅದರ ಕೆಳಗೂ ತಳ್ಳಬೇಡಿ. ಬಚ್ಚಲ ಬಾಗಿಲ ಹತ್ತಿರ ಬರಿ ನೆಲದ ಮೇಲೋ ಗೂಟಕ್ಕೋ ಇರಲಿ. ಮೊಬೈಲಿನ ಟಾರ್ಚ್ ಹಚ್ಚಿ ಮೊದಲು ಗಾದಿಯ ಅಂಚಿನ ಹೊಲಿಗೆ ನೋಡಿ, ಆಮೇಲೆ ಗಾದಿ ಎತ್ತಿ ಮಂಚದ ಸಂದಿ ನೋಡಿ. ದೊಡ್ಡ ತಗಣಿ ಅಗಸಿ ಕಾಳಿನಷ್ಟಿರುತ್ತದೆ, ಕಂದು ಬಣ್ಣ, ಚಪ್ಪಟೆ ಮೈ. ರಕ್ತ ಕುಡಿದಿದ್ದರೆ ಉಬ್ಬಿ ಕೆಂಪಾಗಿರುತ್ತದೆ. ಆದರೆ ಹಗಲು ಹುಳು ಕಣ್ಣಿಗೆ ಬೀಳುವುದು ಅಪರೂಪ, ಕುರುಹುಗಳನ್ನು ಹುಡುಕಬೇಕು. ಪೆನ್ನಿನ ಮೊನೆ ತಾಗಿಸಿದಂಥ ಕಪ್ಪು ಚುಕ್ಕೆಗಳು ಅದರ ಹಿಕ್ಕೆ. ಒದ್ದೆ ಬಟ್ಟೆಯಿಂದ ಉಜ್ಜಿದರೆ ಕಂದಾಗಿ ಹರಡುತ್ತವೆ. ತಿಳಿಹಳದಿ ಪೊರೆ ಕಂಡರೆ ಮರಿಗಳು ಬೆಳೆಯುತ್ತಿವೆ ಎಂದೇ ಅರ್ಥ. ಮರಿ ದೊಡ್ಡದಾಗುವುದರೊಳಗೆ ಐದು ಸಲ ಪೊರೆ ಬಿಡುತ್ತದೆ, ಪ್ರತಿ ಸಲಕ್ಕೂ ಒಂದು ಹೊಟ್ಟೆ ರಕ್ತ ಬೇಕು.

ಕುರುಹು ಸಿಕ್ಕರೆ ಬೇರೆ ಕೋಣೆ ಕೇಳಿ, ಪಕ್ಕದ್ದು ಬೇಡ. ಒಂದೇ ಗೋಡೆಯ ಬಿರುಕು, ವೈರಿನ ಪೈಪು ಎರಡೂ ಕೋಣೆಗೆ ದಾರಿ. ಬೇರೆ ಕೋಣೆ ಸಿಗದಿದ್ದರೆ ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆಯಿರಿ, ಚಾದರದ ಅಂಚು ನೆಲಕ್ಕೆ ತಾಗದಂತೆ ಮಡಚಿ, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ದೀಪ ಉರಿಸಿಟ್ಟು ಮಲಗಿದರೆ ತಗಣಿ ಬರುವುದಿಲ್ಲ ಎಂದು ನಂಬಿರುವವರು ಬಹಳ. ಹಸಿದ ತಗಣಿ ಬೆಳಕಿನಲ್ಲೂ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಉಟ್ಟು ಬಿಟ್ಟ ಬಟ್ಟೆ. ಅದೇ ಶೆಫೀಲ್ಡಿನ ವಿಜ್ಞಾನಿಗಳು 2017ರಲ್ಲಿ ಒಂದು ಕೋಣೆಯಲ್ಲಿ ಒಗೆದ ಬಟ್ಟೆಯ ಚೀಲ, ಉಟ್ಟು ಬಿಟ್ಟ ಬಟ್ಟೆಯ ಚೀಲ ಎರಡನ್ನೂ ಇಟ್ಟು ತಗಣಿ ಬಿಟ್ಟು ನೋಡಿದರು. ಉಟ್ಟ ಬಟ್ಟೆಯ ಚೀಲಕ್ಕೆ ಸುಮಾರು ಎರಡು ಪಟ್ಟು ಹುಳುಗಳು ಸೇರಿದ್ದವು. ಬೆವರಿನ ವಾಸನೆ ಸಾಕು, ಮನುಷ್ಯ ಅಲ್ಲಿ ಇರಬೇಕೆಂದೇನಿಲ್ಲ. ಆದ್ದರಿಂದ ಊರು ಬಿಡುವಾಗಲೇ ನಾಲ್ಕು ಗಟ್ಟಿ ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳಿ. ಬಿಚ್ಚಿದ ಅಂಗಿಯನ್ನು ಕುರ್ಚಿಯ ಮೇಲೆ ಎಸೆಯದೆ ಕೂಡಲೇ ಅದರೊಳಗೆ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ. ಈ ಲೇಖನದಲ್ಲಿ ಒಂದೇ ಮಾತು ಪಾಲಿಸುತ್ತೇನೆ ಎನ್ನುವವರು ಇದನ್ನು ಪಾಲಿಸಲಿ.

ಗಂಟು ಬಿಚ್ಚುವ ಮುನ್ನ

ಮರಳಿ ಬಂದವರು ಚೀಲ, ಗಂಟುಗಳನ್ನು ಅಂಗಳದಲ್ಲೇ ಇಳಿಸಲಿ. ಎಲ್ಲರ ಬಟ್ಟೆ, ಅಂದರೆ ದದ್ದು ಬಂದವರದ್ದೂ ಬಾರದವರದ್ದೂ, ಬಿಸಿನೀರಿಗೆ ಹೋಗಬೇಕು. ಸುಮಾರು 48 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ದೊಡ್ಡ ತಗಣಿ 20 ನಿಮಿಷದಲ್ಲಿ ಸಾಯುತ್ತದೆ, ತತ್ತಿ ಸಾಯಲು ಒಂದೂವರೆ ತಾಸಾದರೂ ಬೇಕು. 60 ಡಿಗ್ರಿ ದಾಟಿದ ನೀರಿನಲ್ಲಿ ಯಾವುದೂ ಉಳಿಯುವುದಿಲ್ಲ. ತಣ್ಣೀರಿನಲ್ಲಿ ಸೋಪು ಹಾಕಿ ಒಗೆದರೆ ಬಟ್ಟೆ ಬೆಳ್ಳಗಾಗುತ್ತದೆ, ತತ್ತಿ ಮಾತ್ರ ಹಾಗೇ ಅಂಟಿಕೊಂಡಿರುತ್ತದೆ.

ನಮ್ಮ ಕಡೆ ಹೆಚ್ಚು ಗಮನ ಬೇಕಾದದ್ದು ಕೌದಿಗೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತೇಪೆ ಇಟ್ಟು, ಅಂಚಿನಿಂದ ನಡುವಿನವರೆಗೂ ಒತ್ತಾಗಿ ಕೈಹೊಲಿಗೆ ಹಾಕಿರುತ್ತಾರೆ. ಆ ತೇಪೆಯ ಮಡಿಕೆಯನ್ನು ಉಗುರಿನಿಂದ ಬಿಡಿಸಿ ನೋಡಿ. ಒಂದು ಮಿಲಿಮೀಟರಿನಷ್ಟು ಉದ್ದದ ಬಿಳಿ ತತ್ತಿಗಳು ದಾರದ ಪಕ್ಕಕ್ಕೇ ಅಂಟಿಕೊಂಡಿರುತ್ತವೆ, ಜಾಡಿಸಿದರೆ ಉದುರುವುದಿಲ್ಲ. ಒಂದು ಹೆಣ್ಣು ತಗಣಿ ತನ್ನ ಆಯುಷ್ಯದಲ್ಲಿ ಇನ್ನೂರಕ್ಕೂ ಹೆಚ್ಚು ತತ್ತಿ ಇಡಬಲ್ಲದು. ಕೌದಿಯನ್ನು ಹಂಡೆಯ ಕುದಿನೀರಿನಲ್ಲಿ ಮುಳುಗಿಸಿ ಅರ್ಧ ತಾಸು ಬಿಟ್ಟರೆ ನಡುವಿನ ಪದರಕ್ಕೂ ಬಿಸಿ ಇಳಿಯುತ್ತದೆ. ಹತ್ತಿಯ ಕೌದಿ ಇದನ್ನು ತಡೆದುಕೊಳ್ಳುತ್ತದೆ.

ಬಿಸಿಲಿನ ಬಗ್ಗೆಯೂ ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಬಂಡೆಯಂತೂ ಇನ್ನೂ ಸುಡುತ್ತದೆ. ಆದರೂ ಕೌದಿಯನ್ನು ಸುಮ್ಮನೆ ಹರವಿದರೆ ತಗಣಿ ನೆರಳಿನ ಮಗ್ಗುಲಿಗೆ ಸರಿದು ಬದುಕುತ್ತದೆ. ನೀರಿಗೆ ಹಾಕಲಾಗದ ಚೀಲ, ಚಪ್ಪಲಿ, ಪುಸ್ತಕಗಳನ್ನು ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಬಿಗಿದು, ಕಲ್ಲಿನ ಮೇಲೆ ಸುಡುಬಿಸಿಲಿಗೆ ಎರಡು ಮೂರು ದಿನ ಇಟ್ಟು, ಆಗಾಗ ಮಗ್ಗುಲು ಬದಲಿಸಿ. ಚಳಿಗಾಲದಲ್ಲಿ ಈ ಉಪಾಯ ನೆಚ್ಚಬೇಡಿ.

ಮನೆಯಲ್ಲೇ ಸೇರಿಕೊಂಡಿದ್ದರೆ

ಹೊರಸು ಅಥವಾ ಮಂಚವನ್ನು ಅಂಗಳಕ್ಕೆ ತಂದು ಸಂದಿ, ಹಗ್ಗದ ಗಂಟು, ಕಬ್ಬಿಣದ ಪೈಪಿನ ಬಾಯಿಗೆಲ್ಲ ಕುದಿನೀರು ಹೊಯ್ಯುವ ಹಿರಿಯರ ಪದ್ಧತಿ ಇಂದಿಗೂ ಒಳ್ಳೆಯದೇ. ಒಮ್ಮೆ ಮಾಡಿ ಬಿಟ್ಟರೆ ಸಾಲದು. ಉಳಿದ ತತ್ತಿ ಒಡೆಯಲು ಒಂದು ವಾರದಿಂದ ಹತ್ತು ದಿನ ಬೇಕು, ಆದ್ದರಿಂದ ಹತ್ತನೇ ದಿನಕ್ಕೆ ಇನ್ನೊಮ್ಮೆ, ಇಪ್ಪತ್ತನೇ ದಿನಕ್ಕೆ ಮತ್ತೊಮ್ಮೆ ಮಾಡಿ. ಕ್ಯಾಲೆಂಡರ್, ದೇವರ ಫೋಟೋಗಳ ಹಿಂಬದಿ, ಸ್ವಿಚ್ ಬೋರ್ಡಿನ ಅಂಚು, ಜಂತಿಯ ಬಿರುಕು ನೋಡಿ. ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ.

ಮಂಚದ ಕಾಲುಗಳನ್ನು ಸೋಪಿನ ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿ. ಬರಿ ನುಣುಪು ಬಟ್ಟಲು ಸಾಲದು. ಭಾರತದಂಥ ಬಿಸಿ ನಾಡುಗಳಲ್ಲಿ ಹೆಚ್ಚಾಗಿರುವ ಸೈಮೆಕ್ಸ್ ಹೆಮಿಪ್ಟೆರಸ್ ಎಂಬ ಜಾತಿ, ತಂಪು ದೇಶಗಳ ತಗಣಿಯಂತಲ್ಲದೆ, ನುಣುಪು ಗೋಡೆಯನ್ನೂ ಹತ್ತುತ್ತದೆ. ಹಾಸಿಗೆಯನ್ನು ಹೊರಗೆ ಹಾಕಿ ಆ ಕೋಣೆಗೆ ತಿಂಗಳು ಬೀಗ ಹಾಕಿದರೆ ಸಾಯುತ್ತವೆ ಎಂದುಕೊಂಡರೆ ಅದೂ ಆಗದು, ಹಸಿದುಕೊಂಡೇ ತಿಂಗಳುಗಟ್ಟಲೆ ಇರಬಲ್ಲ ಹುಳು ಇದು.

ಈಗ ಕೈಮುಗಿದು ಹೇಳುವ ಮಾತು. ಹೊಲಕ್ಕೆ ಹೊಡೆಯುವ ಔಷಧವನ್ನು ಮಲಗುವ ಕೋಣೆಗೆ ಹೊಡೆಯಬೇಡಿ. ಗಂಗಾವತಿಯ ಭತ್ತದ ಸೀಮೆಯಲ್ಲಿ ಇಂಥ ಡಬ್ಬಿಗಳು ಕೈಗೆಟಕುವಲ್ಲೇ ಇರುತ್ತವೆ. ತಗಣಿಗೆಂದು ಜನ ಬಹಳ ಬಳಸುತ್ತಿದ್ದ ಡೈಕ್ಲೋರ್‌ವಾಸ್ ದೇಶದಲ್ಲಿ 2020ರ ಡಿಸೆಂಬರ್ 31ರಿಂದ ನಿಷೇಧವಾಗಿದೆ. ಅದಕ್ಕಿಂತ ಭಯಂಕರವಾದದ್ದು ಧಾನ್ಯದ ಗೋದಾಮಿನಲ್ಲಿ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಹೊರಡುತ್ತದೆ. ಬಾಗಿಲು ಹಾಕಿದ ಮನೆಯಲ್ಲಿ ಅದು ತಗಣಿಗಿಂತ ಮೊದಲು ಮಕ್ಕಳನ್ನು ಕೊಲ್ಲುತ್ತದೆ, ಅದಕ್ಕೆ ಪ್ರತ್ಯೌಷಧವೂ ಇಲ್ಲ. ಸೀಮೆಎಣ್ಣೆ ಸುರಿಯುವುದು ಬೆಂಕಿಗೆ ಕರೆ. ಅಂಗಡಿಯ ಸ್ಪ್ರೇಗಳಿಗೆ ತಗಣಿ ಬಹಳ ಕಡೆ ಜಗ್ಗುತ್ತಿಲ್ಲ, ಡಿಡಿಟಿಯ ಕಾಲದಿಂದಲೂ ವಿಷಕ್ಕೆ ಒಗ್ಗಿಕೊಳ್ಳುತ್ತಲೇ ಬಂದಿದೆ. ಬಿಸಿನೀರಿನಿಂದ ಹತೋಟಿಗೆ ಬರದಿದ್ದರೆ ಪರವಾನಗಿ ಇರುವ ಕೀಟ ನಿಯಂತ್ರಣದವರನ್ನೇ ಕರೆಸಿ.

ಮೈ ತುರಿಸಿದರೆ

ಸೋಪು ನೀರಿನಿಂದ ತೊಳೆದು ತಣ್ಣನೆ ಬಟ್ಟೆ ಒತ್ತಿ, ಕ್ಯಾಲಮೈನ್ ಹಚ್ಚಿ. ತುರಿಕೆ ತಡೆಯದಿದ್ದರೆ ವೈದ್ಯರನ್ನು ಕೇಳಿ ಅಲರ್ಜಿಯ ಗುಳಿಗೆ ತಗೊಳ್ಳಬಹುದು. ಮಕ್ಕಳ ಉಗುರು ಕತ್ತರಿಸಿ, ಕೆರೆದ ಗಾಯ ಕೀವಾಗುವುದೇ ಹೆಚ್ಚಿನ ತೊಂದರೆ. ಕೀವು, ಜ್ವರ, ದೊಡ್ಡ ಗುಳ್ಳೆ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ. ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ತುರಿಸುತ್ತಿದ್ದರೆ ಅದು ತಗಣಿಯಲ್ಲ, ಕಜ್ಜಿ ಇರಬಹುದು. ಅದರ ಔಷಧವೇ ಬೇರೆ. ತಗಣಿ ಕಡಿತದಿಂದ ಎಚ್ಐವಿಯಾಗಲಿ ಕಾಮಾಲೆಯಾಗಲಿ ಹರಡಿದ್ದಕ್ಕೆ ಆಧಾರವಿಲ್ಲ. ಆ ಹೆದರಿಕೆ ಬಿಡಿ.

ಒಂದು ಸಂಗತಿಯನ್ನು ಮುಚ್ಚಿಡಬೇಡಿ. ಮನೆಯಲ್ಲಿ ತಗಣಿ ಆಗಿದೆ ಎಂದು ಹೇಳಿಕೊಳ್ಳಲು ನಾಚಿ ಜನ ತಿಂಗಳುಗಟ್ಟಲೆ ಒಳಗೊಳಗೇ ಒದ್ದಾಡುತ್ತಾರೆ, ಅಷ್ಟರಲ್ಲಿ ಅದು ಗೋಡೆ ದಾಟಿರುತ್ತದೆ. ಪಕ್ಕದ ಮನೆಯವರಿಗೆ, ಶೆಡ್ಡಿನ ಜೊತೆಗಾರರಿಗೆ, ತಂಗಿದ ಲಾಡ್ಜಿನವರಿಗೆ ಬಾಯಿಬಿಟ್ಟು ಹೇಳಿ. ಗೋಡೆ ಹಂಚಿಕೊಂಡ ಮನೆಗಳವರು ಒಂದೇ ದಿನ ಹಾಸಿಗೆ ಹೊರಗೆ ತೆಗೆದು, ಒಂದೇ ದಿನ ಹಂಡೆ ಕಾಯಿಸಲಿ.