ತಾಂತ್ರಿಕ ಕೈಪಿಡಿಗಳ ಆವೃತ್ತಿ ಸಂಖ್ಯೆ

ಯಂತ್ರ ನಡೆಸುವ ವಿಧಾನ, ಪರೀಕ್ಷಾ ಕ್ರಮ, ಕಟ್ಟಡದ ನಿಯಮ ಮುಂತಾದವುಗಳನ್ನು ವಿವರಿಸುವ ಗ್ರಂಥಗಳು ಕಾಲಕಾಲಕ್ಕೆ ಪರಿಷ್ಕಾರಗೊಳ್ಳುತ್ತವೆ. ಆದರೆ ಹೊಸ ಪ್ರತಿ ಬಂದೊಡನೆ ಹಳೆಯ ಪ್ರತಿಗಳು ಕಣ್ಮರೆಯಾಗುವುದಿಲ್ಲ. ಆದುದರಿಂದ ಕೈಯಲ್ಲಿರುವ ಪ್ರತಿ ಯಾವುದೆಂಬುದನ್ನು ಮುಖಪುಟದ ಆವೃತ್ತಿ ಸಂಖ್ಯೆಯೇ ಸ್ಪಷ್ಟವಾಗಿ ತಿಳಿಸಬೇಕು.

ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 456 ಇದಕ್ಕೆ ಉತ್ತಮ ನಿದರ್ಶನ. 1953ರಲ್ಲಿ ಮೊದಲು ಪ್ರಕಟವಾದ ಈ ಮಾನಕವು 1957, 1964, 1978 ಹಾಗೂ 2000ದಲ್ಲಿ ಪರಿಷ್ಕೃತವಾಯಿತು. ಕಬ್ಬಿಣದ ಸರಳುಗಳನ್ನುಳ್ಳ ಕಾಂಕ್ರೀಟಿಗೆ 1978ರ ಆವೃತ್ತಿಯಲ್ಲಿ ಎಂ-15 ಕನಿಷ್ಠ ದರ್ಜೆಯಾಗಿತ್ತು. 2000ದ ಆವೃತ್ತಿ ಅದನ್ನು ಎಂ-20ಕ್ಕೆ ಏರಿಸಿತು. ಅಂದರೆ, 28 ದಿನಗಳ ಬಳಿಕ ಕಾಂಕ್ರೀಟು ತಾಳಿಕೊಳ್ಳಬೇಕಾದ ಒತ್ತಡವು ಪ್ರತಿ ಚದರ ಮಿಲಿಮೀಟರಿಗೆ 15 ನ್ಯೂಟನ್‌ಗಳಿಂದ 20 ನ್ಯೂಟನ್‌ಗಳಿಗೆ ಏರಿತು. ಮಾನಕದ ಹೆಸರಿನೊಂದಿಗೆ ವರ್ಷವನ್ನು ಗಮನಿಸದೆ ಹಳೆಯ ಪ್ರತಿಯನ್ನೇ ಅನುಸರಿಸಿದರೆ, ತೊಲೆ ಮತ್ತು ಕಂಬಗಳ ಬಲವೇ ಕುಂದುತ್ತದೆ.

ಈ ಗೊಂದಲವನ್ನು ತಪ್ಪಿಸಲು ಭಾರತೀಯ ಮಾನಕ ಬ್ಯೂರೋ ಮಾನಕದ ಸಂಖ್ಯೆಯ ಮುಂದೆ ಪ್ರಕಟಣೆಯ ವರ್ಷವನ್ನು ಸೇರಿಸುತ್ತದೆ: ಐ.ಎಸ್. 456 : 2000. ಎರಡು ಪರಿಷ್ಕರಣೆಗಳ ನಡುವಿನ ಬದಲಾವಣೆಗಳು ತಿದ್ದುಪಡಿ 1, ತಿದ್ದುಪಡಿ 2 ಎಂದು ಕ್ರಮವಾಗಿ ಹೊರಬರುತ್ತವೆ. ಪುನರ್ವಿಮರ್ಶೆಯ ನಂತರ ಬದಲಾವಣೆ ಅನಾವಶ್ಯಕವೆಂದು ಕಂಡುಬಂದರೆ, ಮೂಲ ಸಂಖ್ಯೆಯನ್ನು ಉಳಿಸಿಕೊಂಡು, ಮಾನಕವನ್ನು ಪುನಃ ದೃಢೀಕರಿಸಿದ ವರ್ಷವನ್ನು ನಮೂದಿಸಲಾಗುತ್ತದೆ.

ದೀರ್ಘಕಾಲ ಬಳಕೆಯಲ್ಲಿರುವ ನಿಯಮಗಳಿಗೆ ವರ್ಷವನ್ನು ಸೂಚಿಸುವ ಈ ಪದ್ಧತಿ ಸೂಕ್ತ. ಆದರೆ ವರ್ಷದಲ್ಲಿ ಹಲವು ಬಾರಿ ಬದಲಾಗುವ ಕಂಪ್ಯೂಟರ್ ತಂತ್ರಾಂಶದ ಅಥವಾ ಕಾರ್ಖಾನೆಯ ಕೈಪಿಡಿಗೆ 2.3ರಂತಹ ಎರಡು ಭಾಗಗಳ ಸಂಖ್ಯೆ ಹೆಚ್ಚು ಅನುಕೂಲ. ಕೆಲಸದ ವಿಧಾನವೇ ಬದಲಾದಾಗ ಮೊದಲ ಅಂಕಿಯನ್ನೂ, ಅಚ್ಚಿನ ದೋಷ ಅಥವಾ ವಿವರಣೆಯನ್ನು ಮಾತ್ರ ಸರಿಪಡಿಸಿದಾಗ ಎರಡನೆಯದನ್ನೂ ಏರಿಸಬೇಕು. ಇದು ದಶಮಾಂಶವಲ್ಲ, 2.9ರ ನಂತರ ಬರುವುದು 2.10. ಈ ಕ್ರಮವನ್ನು ಕೈಪಿಡಿಯ ಆರಂಭದಲ್ಲಿಯೇ ವಿವರಿಸುವುದು ಒಳ್ಳೆಯದು.

ಯಾವ ಪದ್ಧತಿಯನ್ನು ಆರಿಸಿಕೊಂಡರೂ ಕೆಲವು ನಿಯಮಗಳು ಸಮಾನ. ಒಮ್ಮೆ ಹೊರಬಿದ್ದ ಸಂಖ್ಯೆಯನ್ನು ಬೇರೊಂದು ಪಠ್ಯಕ್ಕೆ ಕೊಡಬಾರದು. ‘ಹೊಸದು’, ‘ಅಂತಿಮ’ ಎಂಬ ಪದಗಳು ಸಂಖ್ಯೆಗೆ ಬದಲಿಯಾಗಲಾರವು. ಇಂದಿನ ಹೊಸದು ನಾಳೆ ಹಳೆಯದಾಗುತ್ತದೆ. ಕರಡು ಪ್ರತಿಯ ಮೇಲೆ ‘ಕರಡು’ ಎಂದೇ ಮುದ್ರಿಸಬೇಕು. ಬಿಡಿ ಹಾಳೆಗಳು ಬೇರ್ಪಟ್ಟರೂ ಗುರುತು ಸಿಗುವಂತೆ ಪ್ರತಿ ಪುಟದಲ್ಲಿಯೂ ಸಂಖ್ಯೆ ಮತ್ತು ದಿನಾಂಕ ಇರಬೇಕು. ಏನು ಬದಲಾಯಿತು, ಯಾವಾಗಿನಿಂದ ಜಾರಿಗೆ ಬರುತ್ತದೆ ಎಂಬ ಪಟ್ಟಿಯನ್ನು ಆರಂಭದಲ್ಲಿ ಕೊಡಬೇಕು. ಕೈಪಿಡಿಯನ್ನು ಬಳಸುವವರೂ ಕೆಲಸಕ್ಕೆ ತೊಡಗುವ ಮುನ್ನ ಈ ಸಂಖ್ಯೆಯನ್ನು ಪರಿಶೀಲಿಸುವುದು ಅತ್ಯವಶ್ಯ.