ಬಳ್ಳಾರಿ ಜಾಲಿ: ಉಪಯೋಗವೋ, ಉಪದ್ರವವೋ?

ಮಕ್ಕಳೇ, ರಾಯದುರ್ಗ, ಆದೋನಿ, ಸೊಲ್ಲಾಪುರದ ಕಡೆ ಇರುವವರಿಗೆ ಬಳ್ಳಾರಿ ಜಾಲಿಯ ಪರಿಚಯ ಬೇಕಿಲ್ಲ. ಕೆರೆಯಂಗಳ, ರಸ್ತೆ ಬದಿ, ಬೀಳುಬಿಟ್ಟ ಹೊಲ, ಎಲ್ಲೆಲ್ಲೂ ಅದೇ. ನಿಮ್ಮ ಊರಿನ ತೆಲುಗರು ಅದನ್ನು ಸರ್ಕಾರು ತುಮ್ಮ ಅಂತಾರೆ. ಮರಾಠಿಯವರಿಗೆ ಅದು ವೇಡಿ ಬಾಭೂಳ, ಅಂದರೆ ಹುಚ್ಚು ಜಾಲಿ. ವೈಜ್ಞಾನಿಕ ಹೆಸರು ಪ್ರೊಸೋಪಿಸ್ ಜೂಲಿಫ್ಲೋರಾ.

ಇದು ನಮ್ಮ ನೆಲದ ಗಿಡ ಅಲ್ಲ. ತವರು ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗ. 1870ರ ದಶಕದಲ್ಲಿ ಬೀಜ ತರಿಸಿ ಕಡಪದ ಕಡೆ ಬಿತ್ತಿದರು. ಆಗ ಬೇಕಾಗಿದ್ದದ್ದು ಸೌದೆ. ಮಳೆ ಇಲ್ಲದಿದ್ದರೂ ಬದುಕುವ, ಆಡು ಮೇಯದ, ಕಡಿದರೂ ಚಿಗುರುವ ಮರ ಎಲ್ಲಿ ಸಿಗುತ್ತೆ? ಇದರಲ್ಲಿ ಆ ಮೂರೂ ಗುಣ ಇದ್ದವು.

ಹೇಗೆ? ಬೇರು ಬಹಳ ಆಳಕ್ಕೆ ಇಳಿಯುತ್ತದೆ. ಎಲೆ ಆಡುಗಳಿಗೆ ರುಚಿಸುವುದಿಲ್ಲ. ಬುಡದಲ್ಲಿ ಸುಪ್ತ ಮೊಗ್ಗುಗಳಿರುವುದರಿಂದ ಕಡಿದ ಮೋಟು ಮತ್ತೆ ಚಿಗುರುತ್ತದೆ. ಕಾಯಿ ಮಾತ್ರ ಸಿಹಿ. ದನ, ಕುರಿ, ಆಡು ಅದನ್ನು ತಿನ್ನುತ್ತವೆ. ಬೀಜದ ಸಿಪ್ಪೆ ಗಟ್ಟಿಯಾದ್ದರಿಂದ ಎಷ್ಟೋ ಬೀಜ ಅರಗದೆ ಸಗಣಿ, ಹಿಕ್ಕೆಯ ಜೊತೆ ಹೊರಬಂದು ಮೊಳೆಯುತ್ತವೆ.

ಈಗ ಒಂದು ವಿಷಯ ಗಮನಿಸಿ. ಈ ಮರವನ್ನು ಆರಿಸಲು ಯಾವ ಗುಣಗಳು ಕಾರಣವೋ, ಇಂದು ರೈತ ಬೈಯಲೂ ಅವೇ ಕಾರಣ! ಕಡಿದರೂ ಚಿಗುರುವುದು ಸೌದೆಯವರಿಗೆ ವರ, ಹೊಲದವನಿಗೆ ಶಾಪ. ಎಲೆ ಮೇಯದಿರುವುದು ನೆಡುವವರಿಗೆ ಅನುಕೂಲ, ಹುಲ್ಲುಗಾವಲು ಕಳೆದುಕೊಂಡ ಕುರಿಗಾಹಿಗೆ ನಷ್ಟ. ಅದೇ ಕುರಿಗಾಹಿಗೆ ಬೇಸಿಗೆಯಲ್ಲಿ ಇದರ ಕಾಯಿಯೇ ಮೇವು. ಇದ್ದಿಲು ಸುಡುವವರಿಗೆ ಅನ್ನ, ಜೇನುನೊಣಕ್ಕೆ ಹೂವು. ಇದು ದ್ವಿದಳ ಜಾತಿಯ ಮರ. ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯ ನೈಟ್ರೋಜನ್ ಹಿಡಿದು ಕೊಡುತ್ತವೆ. ಆದರೆ ಪೊದೆ ದಟ್ಟವಾದರೆ ಅದರಡಿ ಬೇರೆ ಗಿಡ ಏಳುವುದು ಕಷ್ಟ.

ಹಾಗಾದರೆ ಮರ ಒಳ್ಳೆಯದೋ ಕೆಟ್ಟದ್ದೋ? ಗುಣಗಳನ್ನು ಅಳೆಯಬಹುದು, ಪರೀಕ್ಷಿಸಬಹುದು. "ಉಪಯುಕ್ತ" ಅನ್ನುವುದು ಹಾಗಲ್ಲ. ಅದನ್ನು ಹೇಳುವ ಮೊದಲು ಮೂರು ಪ್ರಶ್ನೆ ಕೇಳಬೇಕು: ಯಾರಿಗೆ? ಎಲ್ಲಿ? ಎಷ್ಟು? "ಕಳೆ" ಎಂಬ ಪದವೂ ಹಾಗೆಯೇ. ಅದು ಸಸ್ಯಶಾಸ್ತ್ರದ ಕುಟುಂಬವಲ್ಲ, ಬೇಡದ ಜಾಗದಲ್ಲಿ ಬೆಳೆದ ಗಿಡಕ್ಕೆ ನಾವಿಟ್ಟ ಹೆಸರು. ರಾಗಿ ಹೊಲದಲ್ಲಿ ಎದ್ದ ಜೋಳದ ಸಸಿಯೂ ಕಳೆಯೇ ಅಲ್ವಾ?

ಇದು ಬರೀ ಮಾತಿನ ವಿಚಾರವಲ್ಲ. ಊರಿನ ಜಾಲಿಯನ್ನೆಲ್ಲ ಒಮ್ಮೆಗೇ ಕಿತ್ತರೆ ಹೊಲ ಉಳಿಯಬಹುದು, ಆದರೆ ಭೂಮಿಯಿಲ್ಲದವರ ಒಲೆಗೆ ಸೌದೆ ಎಲ್ಲಿಂದ? ಹಾಗೇ ಬಿಟ್ಟರೆ ಕೆರೆ ಮುಚ್ಚುತ್ತದೆ.

ಮಾಡಿ ನೋಡಿ: ನಿಮ್ಮ ಊರಿನ ಒಬ್ಬ ರೈತ, ಒಬ್ಬ ಕುರಿಗಾಹಿ, ಸೌದೆ ತರುವ ಒಬ್ಬ ಅಜ್ಜಿ, ಇವರನ್ನು ಈ ಮರದ ಬಗ್ಗೆ ಕೇಳಿ. ಕಾಸರಗೋಡು, ನೀಲಗಿರಿಯ ಮಕ್ಕಳು ಲಂಟಾನ ಗಿಡದ ಬಗ್ಗೆ ಕೇಳಬಹುದು. ಉತ್ತರಗಳನ್ನು ಕೋಷ್ಟಕದಲ್ಲಿ ಬರೆಯಿರಿ. ಆಮೇಲೆ ತರಗತಿಯಲ್ಲಿ ಚರ್ಚಿಸಿ: ಯಾವ ಜಾಗದಲ್ಲಿ ಕೀಳಬೇಕು, ಯಾವ ಜಾಗದಲ್ಲಿ ಬಿಡಬಹುದು?