ತೊಗಲು, ಬೆವರು, ಕೂದಲು

ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನಲ್ಲಿ ತಿಮ್ಮಾಪುರವೆಂಬ ಊರುಂಟು. ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವು ಇರುವುದು ಇಲ್ಲಿಯೇ. ಹೆಸರಾಂತ ಮುಧೋಳ ಬೇಟೆನಾಯಿಯ ತಳಿಯನ್ನು ಕಾಪಾಡಿ ಬೆಳೆಸುವುದು ಅದರ ಕಾರ್ಯ. ನೀಳವಾದ ಕಾಲು, ಬಡನಡು, ಆಳವಾದ ಎದೆ, ಮೈಗೆ ಅಂಟಿದಂತಿರುವ ಗಿಡ್ಡ ನುಣುಪು ಕೂದಲು ಇವು ಈ ನಾಯಿಯ ಲಕ್ಷಣಗಳು. 2005ರಲ್ಲಿ ಇದರ ಚಿತ್ರವು ಭಾರತದ ಅಂಚೆಚೀಟಿಯ ಮೇಲೂ ಅಚ್ಚಾಯಿತು.

ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಇಂತಹ ನಾಯಿಯೊಂದು ಬೇವಿನ ಮರದ ನೆರಳಿನಲ್ಲಿ ಮಲಗಿದೆಯೆಂದು ಭಾವಿಸೋಣ. ನಾಲಗೆಯನ್ನು ಹೊರಚಾಚಿ ಅದು ಏದುತ್ತಿದೆ. ಮೈ ಮುಟ್ಟಿ ನೋಡಿದರೆ ಒಣಗಿದೆ. ಪಕ್ಕದ ಹೊಲದಲ್ಲಿ ಬದುವಿಗೆ ಮಣ್ಣೇರಿಸುತ್ತಿರುವ ರೈತನ ಬಾಯಿ ಮುಚ್ಚಿದೆ, ಬೆನ್ನು ಮಾತ್ರ ತೊಯ್ದು ತೊಪ್ಪೆಯಾಗಿದೆ. ಈ ಎರಡು ಜೀವಗಳೂ ಮಾಡುತ್ತಿರುವುದು ಒಂದೇ ಕೆಲಸ: ಮೈಯೊಳಗಿನ ಶಾಖವನ್ನು ಹೊರಹಾಕುವುದು. ಒಂದು ಬಾಯಿಯಿಂದ ಮಾಡುವುದನ್ನು ಇನ್ನೊಂದು ತೊಗಲಿನಿಂದ ಮಾಡುತ್ತದೆ. ಮನುಷ್ಯನ ಮೈ ಬೋಳಾಗಿರುವುದೇಕೆ, ತಲೆಯ ಮೇಲೆ ಮಾತ್ರ ಕೂದಲು ದಟ್ಟವಾಗಿ ಉಳಿದಿರುವುದೇಕೆ, ಇವೆರಡನ್ನೂ ನಾವು ಹೇಗೆ ನೋಡಿಕೊಳ್ಳಬೇಕು ಎಂಬುದೆಲ್ಲವೂ ಈ ಭೇದಕ್ಕೆ ಹೊಂದಿಕೊಂಡ ಪ್ರಶ್ನೆಗಳೇ ಆಗಿವೆ.

ಮೊದಲು ಒಂದು ಸಣ್ಣ ಲೆಕ್ಕ. ಸುಮ್ಮನೆ ಕುಳಿತ ಮನುಷ್ಯನ ದೇಹದಲ್ಲಿ ಗಂಟೆಗೆ ಸುಮಾರು 70 ಕಿಲೋಕ್ಯಾಲೊರಿ ಶಾಖ ಹುಟ್ಟುತ್ತದೆ. ಅಗೆಯುವಂತಹ ಕಷ್ಟದ ಕೆಲಸದಲ್ಲಿ ಅದು 300ನ್ನು ಮೀರುವುದುಂಟು. 60 ಕಿಲೋಗ್ರಾಂ ತೂಕದ ದೇಹವನ್ನು ಒಂದು ಅಂಶ ಸೆಲ್ಸಿಯಸ್‌ನಷ್ಟು ಕಾಯಿಸಲು 50 ಕಿಲೋಕ್ಯಾಲೊರಿ ಸಾಕು. ಹಾಗಾದರೆ ಹುಟ್ಟಿದ ಶಾಖವೆಲ್ಲ ಒಳಗೇ ನಿಂತರೆ ಒಂದು ಗಂಟೆಯಲ್ಲಿ ಮೈಯ ಉಷ್ಣಮಾನ 6 ಅಂಶ ಏರಬೇಕು. ಅಷ್ಟರೊಳಗೆ ಮನುಷ್ಯ ಬದುಕಿ ಉಳಿಯಲಾರ. ಗಾಳಿ ತಂಪಾಗಿರುವಾಗ ಶಾಖವು ತೊಗಲಿನಿಂದ ಗಾಳಿಗೆ ತಾನಾಗಿಯೇ ಹರಿದುಹೋಗುತ್ತದೆ. ಆದರೆ ನಮ್ಮ ತೊಗಲಿನ ಉಷ್ಣಮಾನ ಸುಮಾರು 34 ಅಂಶ. ಮುಧೋಳ, ಜಮಖಂಡಿಗಳ ಬೇಸಗೆಯಲ್ಲಿ ಗಾಳಿಯೇ 40 ಅಂಶವನ್ನು ಮುಟ್ಟಿದಾಗ ಶಾಖವು ಹೊರಕ್ಕೆ ಹರಿಯುವ ಬದಲು ಒಳಕ್ಕೆ ಬರಲಾರಂಭಿಸುತ್ತದೆ. ಆಗ ಉಳಿಯುವ ದಾರಿ ಒಂದೇ, ನೀರನ್ನು ಆವಿಯಾಗಿಸುವುದು. ಒಂದು ಲೀಟರು ಬೆವರು ಮೈಮೇಲೆಯೇ ಆವಿಯಾಗಿ ಹೋದರೆ ತನ್ನೊಡನೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಒಯ್ಯುತ್ತದೆ.

ಇದಕ್ಕಾಗಿ ನಮ್ಮ ತೊಗಲಿನಲ್ಲಿ 20ರಿಂದ 40 ಲಕ್ಷ ಬೆವರುಗ್ರಂಥಿಗಳಿವೆ. ಪ್ರತಿಯೊಂದೂ ಒಳಚರ್ಮದಲ್ಲಿ ಸುರುಳಿ ಸುತ್ತಿಕೊಂಡ, ಮೇಲೆ ಬಾಯಿ ತೆರೆದ ಸೂಕ್ಷ್ಮವಾದ ಕೊಳವೆ. ನಾಯಿಗೆ ಈ ಬಗೆಯ ಗ್ರಂಥಿಗಳಿರುವುದು ಅಂಗಾಲಿನ ಮೆತ್ತೆಗಳಲ್ಲಿ ಮಾತ್ರ. ಆದುದರಿಂದ ಅದು ಬಾಯಿ, ಮೂಗು, ನಾಲಗೆಗಳ ತೇವವನ್ನೇ ಆವಿಯಾಗಿಸಬೇಕು. ನಾಗಾಲೋಟದಲ್ಲಿ ಅದರ ಉಸಿರು ಹೆಜ್ಜೆಯ ಲಯಕ್ಕೆ ಕಟ್ಟುಬಿದ್ದಿರುವುದರಿಂದ ಓಡುತ್ತಲೇ ಮನಸ್ವಿಯಾಗಿ ಏದುವುದೂ ಸಾಧ್ಯವಿಲ್ಲ. ಮೊಲವನ್ನು ಬೆನ್ನಟ್ಟುವ ಓಟದಲ್ಲಿ ಮುಧೋಳದ ನಾಯಿಯನ್ನು ಯಾವ ಮನುಷ್ಯನೂ ಸರಿಗಟ್ಟಲಾರ. ಆದರೆ ಬಿಸಿಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ದುಡಿಯುವ ಪಂದ್ಯವಾದರೆ ಗೆಲ್ಲುವವನು ರೈತನೇ. ದಟ್ಟ ರೋಮವಿದ್ದರೆ ಬೆವರು ಅದರೊಳಗೆ ಸಿಕ್ಕಿಕೊಂಡು ತೊಗಲಿನಿಂದ ದೂರದಲ್ಲಿ ಆವಿಯಾಗಿ ವ್ಯರ್ಥವಾಗುತ್ತಿತ್ತು. ಮನುಷ್ಯನ ಮೈರೋಮ ನಾಶವಾಗಿಲ್ಲ, ಕಣ್ಣಿಗೆ ಕಾಣದಷ್ಟು ನವಿರಾಗಿದೆ. ಚಳಿಗೋ ಭಯಕ್ಕೋ ನಮ್ಮ ಮೈ ನವಿರೇಳುವಾಗ, ಕೆರಳಿದ ನಾಯಿಯ ಬೆನ್ನಿನ ಕೂದಲನ್ನು ನಿಲ್ಲಿಸುವ ಸ್ನಾಯುಗಳೇ ನಮ್ಮಲ್ಲಿಯೂ ಕೆಲಸ ಮಾಡುತ್ತವೆ. ಆದರೆ ನಿಲ್ಲಿಸಲು ನಮ್ಮಲ್ಲಿ ಕೂದಲಿಲ್ಲ!

ಬೆವರು ಹರಿದು ಕೆಳಗೆ ತೊಟ್ಟಿಕ್ಕಿದರೆ ಪ್ರಯೋಜನವಿಲ್ಲ, ಆವಿಯಾಗಬೇಕು. ಮಂಗಳೂರಿನ ತೇವದ ಗಾಳಿಯಲ್ಲಿ ಅಂಗಿ ಒದ್ದೆಯಾದರೂ ಮೈ ತಂಪಾಗದಿರುವುದು ಇದರಿಂದಲೇ. ಮುಧೋಳದ ಒಣಗಾಳಿಯಲ್ಲಿ ಬೆವರು ಕೂಡಲೇ ಆರಿಹೋಗುತ್ತದೆ. ಇದರಲ್ಲಿ ಒಂದು ಮೋಸವೂ ಉಂಟು. ಮೈ ಒಣಗಿದಂತೆ ಕಾಣುವುದರಿಂದ ಗಂಟೆಗೆ ಒಂದು ಲೀಟರಿನಷ್ಟು ನೀರು ಹೋದರೂ ಅರಿವಾಗುವುದಿಲ್ಲ. ಸಂಜೆ ಅಂಗಿಯ ಮೇಲೆ ಮೂಡಿದ ಬಿಳಿಯ ಉಪ್ಪಿನ ಗೆರೆಯೇ ಅದಕ್ಕೆ ಸಾಕ್ಷಿ. ಹೊಲಕ್ಕೆ ಒಯ್ಯುವ ಉಪ್ಪು ಬೆರೆಸಿದ ಮಜ್ಜಿಗೆಯು ನೀರು, ಉಪ್ಪು ಎರಡನ್ನೂ ಒಮ್ಮೆಗೇ ತುಂಬಿಕೊಡುತ್ತದೆ. ದೇಹವು ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕು. ಒಗ್ಗಿದ ಮೈ ಬೇಗನೆ ಬೆವರುತ್ತದೆ, ಹೆಚ್ಚು ಬೆವರುತ್ತದೆ, ಆ ಬೆವರಿನಲ್ಲಿ ಉಪ್ಪೂ ಕಡಿಮೆ. ಪಟ್ಟಣದ ವಸತಿಗೃಹದಿಂದ ರಜೆಗೆ ಊರಿಗೆ ಬಂದ ವಿದ್ಯಾರ್ಥಿಯು ಮೊದಲ ದಿನವೇ ಅಣ್ಣನ ಸರಿಸಮಕ್ಕೆ ಗುದ್ದಲಿ ಹಿಡಿಯುವುದು ಅಪಾಯಕಾರಿ. ದುಡಿಯುತ್ತಿದ್ದವನು ಅಸಂಬದ್ಧವಾಗಿ ಮಾತನಾಡತೊಡಗಿದರೆ ಅಥವಾ ತೂರಾಡಿದರೆ ಬೆವರು ಇದೆಯೋ ಇಲ್ಲವೋ ಎಂದು ನೋಡುತ್ತ ನಿಲ್ಲಬಾರದು. ಅದು ಉಷ್ಣಾಘಾತವೆಂದೇ ತಿಳಿದು, ಆತನನ್ನು ನೆರಳಿಗೆ ಎಳೆದು, ಮೈತುಂಬ ತಣ್ಣೀರು ಸುರಿದು ಗಾಳಿ ಬೀಸುತ್ತ ವೈದ್ಯರಲ್ಲಿಗೆ ಸಾಗಿಸಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹೊಯ್ಯಬಾರದು.

ರೋಮ ಕಳೆದುಕೊಂಡ ತೊಗಲು ಸೂರ್ಯನ ಅತಿನೇರಳೆ ಕಿರಣಗಳಿಗೆ ನೇರವಾಗಿ ಒಡ್ಡಿಕೊಂಡಿತು. ಅದಕ್ಕೆ ದೊರೆತ ರಕ್ಷಣೆಯೇ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ. ಹೊರಚರ್ಮದ ಬುಡದಲ್ಲಿರುವ ವರ್ಣಕೋಶಗಳು ಇದನ್ನು ತಯಾರಿಸಿ ನೆರೆಯ ಕೋಶಗಳಿಗೆ ಹಂಚುತ್ತವೆ. ಆ ಕೋಶಗಳು ಅದನ್ನು ಕೊಡೆಯಂತೆ ತಮ್ಮ ಕೋಶಕೇಂದ್ರದ ಮೇಲೆ ಹಿಡಿದುಕೊಳ್ಳುತ್ತವೆ. ಕಪ್ಪು ಮೈಯವರಲ್ಲಿಯೂ ಬಿಳಿ ಮೈಯವರಲ್ಲಿಯೂ ವರ್ಣಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಅವು ತಯಾರಿಸುವ ವರ್ಣಕಣಗಳ ಗಾತ್ರದಲ್ಲಿ ಮತ್ತು ಹಂಚಿಕೆಯಲ್ಲಿ. ಇಂತಹ ಕೊಡೆಯನ್ನು ಹಣ ಕೊಟ್ಟು ಕಿತ್ತೆಸೆಯುವ ಚಟವು ತರುಣ ತರುಣಿಯರಲ್ಲಿ ಹರಡಿರುವುದು ನಮಗೆ ವಿಷಾದದ ಸಂಗತಿ. ಮೈಬಣ್ಣ ತಿಳಿಯಾಗಿಸುವ ಕೆಲವು ಲೇಪಗಳಲ್ಲಿ ಪಾದರಸವಿರುತ್ತದೆ. ಇಂತಹ ಲೇಪಗಳಿಂದ ಮೂತ್ರಪಿಂಡದ ರೋಗ ತಗುಲಿದ ಪ್ರಕರಣಗಳು ಕೇರಳದ ಮಲಪ್ಪುರಂ ಜಿಲ್ಲೆಯಿಂದ 2023ರಲ್ಲಿ ವರದಿಯಾದವು. ಇನ್ನು ಕೆಲವದರಲ್ಲಿ ಸ್ಟೆರಾಯ್ಡ್ ಇರುತ್ತದೆ. ಅದನ್ನು ಬಹುಕಾಲ ಹಚ್ಚಿದರೆ ತೊಗಲು ತೆಳ್ಳಗಾಗಿ ಕೆಂಪೇರುತ್ತದೆ, ಬಿಟ್ಟರೆ ಉರಿಯುತ್ತದೆ. ಗಜಕರ್ಣಕ್ಕೆ ಹಚ್ಚಿದರೆ ತುರಿಕೆ ನಾಲ್ಕು ದಿನ ಅಡಗಿ, ಬೂಷ್ಟು ಮಾತ್ರ ಹರಡುತ್ತಲೇ ಹೋಗುತ್ತದೆ. 2018ರಲ್ಲಿ ಭಾರತ ಸರಕಾರವು ಇಂತಹ ಹದಿನಾಲ್ಕು ಸ್ಟೆರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ನಿಯಮ ಮಾಡಿತು.

ಮೈಯೆಲ್ಲ ಬೋಳಾದರೂ ನೆತ್ತಿಯ ಕೂದಲು ಉಳಿದುದೇಕೆ? ನೆಟ್ಟಗೆ ನಿಂತು ನಡೆಯುವ ಪ್ರಾಣಿಗೆ ನಡುಹಗಲಿನ ಬಿಸಿಲು ಬೀಳುವುದು ನೆತ್ತಿಯ ಮೇಲೆಯೇ. 2023ರಲ್ಲಿ ಟೀನಾ ಲಸಿಸಿ, ನೀನಾ ಜಬ್ಲಾನ್‌ಸ್ಕಿ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಳಗಿನಿಂದ ಕಾಯಿಸಿದ ಬೊಂಬೆಯ ತಲೆಗೆ ಬಗೆಬಗೆಯ ಕೂದಲನ್ನು ತೊಡಿಸಿ, ದೀಪಗಳ ಬಿಸಿಲಿನಲ್ಲಿ ನಿಲ್ಲಿಸಿ ಅಳೆದಾಗ, ಎಂತಹ ಕೂದಲೇ ಆದರೂ ತಲೆಗೆ ತಗಲುವ ಶಾಖ ಕಡಿಮೆಯಾಯಿತು. ಬಿಗಿಯಾಗಿ ಗುಂಗುರಾದ ಕೂದಲು ಎಲ್ಲಕ್ಕಿಂತ ಹೆಚ್ಚು ತಡೆಯಿತು. ನಮ್ಮ ಕಡೆಯ ರುಮಾಲು, ಹೊದ್ದ ಸೆರಗು ಈ ಕೆಲಸಕ್ಕೆ ಒದಗಿದ ಎರಡನೆಯ ಛಾವಣಿ ಎನ್ನಬಹುದು.

ಕೂದಲು ಕೆರಾಟಿನ್ ಎಂಬ ಸಸಾರಜನಕದ ನಿರ್ಜೀವ ಎಳೆ. ಉಗುರೂ ಅದರಿಂದಲೇ ಆದುದು. ಜೀವವಿರುವುದು ತೊಗಲಿನೊಳಗಿನ ರೋಮಕೂಪದಲ್ಲಿ ಮಾತ್ರ. ಆದುದರಿಂದ ಬೋಳಿಸಿದರೆ ಕೂದಲು ದಪ್ಪವಾಗಿ ಬರುತ್ತದೆಂಬ ಮಾತು ನಿಜವಲ್ಲ. ಕತ್ತರಿಸಿದ ತುದಿ ಮೊಂಡಾಗಿ ಒರಟೆನಿಸುತ್ತದೆ, ಅಷ್ಟೇ. ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ 1928ರಲ್ಲಿಯೇ ಅಳೆದು ಇದನ್ನು ತೋರಿಸಿದ್ದರು. ರೋಮಕೂಪವು ಕೆಲಕಾಲ ದುಡಿದು, ಕೆಲಕಾಲ ವಿಶ್ರಮಿಸಿ, ಹಳೆಯ ಕೂದಲನ್ನು ಉದುರಿಸಿ ಮತ್ತೆ ಮೊದಲಿಡುತ್ತದೆ. ನಮ್ಮ ತಲೆಯಲ್ಲಿ ದುಡಿಮೆಯ ಅವಧಿ 2ರಿಂದ 6 ವರ್ಷ, ತಿಂಗಳಿಗೆ ಬೆಳವಣಿಗೆ ಸುಮಾರು 1 ಸೆಂಟಿಮೀಟರು. ಹುಬ್ಬಿನಲ್ಲಿ ಆ ಅವಧಿ ಕೆಲವೇ ತಿಂಗಳು. ಹುಬ್ಬು ಜಡೆಯಾಗದಿರುವುದೂ ಮುಧೋಳದ ನಾಯಿಯ ರೋಮವು ಕತ್ತರಿ ಕಾಣದೆಯೇ ಗಿಡ್ಡವಾಗಿರುವುದೂ ಈ ಒಂದೇ ನಿಯಮದಿಂದ. ನಾಯಿಯಲ್ಲಿ ಬಹಳಷ್ಟು ಕೂಪಗಳು ಋತುವನ್ನನುಸರಿಸಿ ಒಟ್ಟಿಗೆ ಉದುರಿಸುತ್ತವೆ. ನಮ್ಮಲ್ಲಿ ಪ್ರತಿ ಕೂಪಕ್ಕೂ ತನ್ನದೇ ಪಂಚಾಂಗ.

ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿದ್ದು, ನೂರಕ್ಕೆ ಹತ್ತು ವಿಶ್ರಾಂತಿಯಲ್ಲಿವೆಯೆಂದು ಹಿಡಿಯೋಣ. ಅಂದರೆ 10,000. ವಿಶ್ರಾಂತಿಯ ಅವಧಿ ಸುಮಾರು 100 ದಿನ. ಭಾಗಿಸಿದರೆ ದಿನಕ್ಕೆ 100 ಕೂದಲು ಉದುರಲೇಬೇಕೆಂದಾಯಿತು! ಬಾಚಣಿಗೆಯನ್ನು ಕಂಡು ಕಂಗೆಡುವ ವಿದ್ಯಾರ್ಥಿಗಳು ಈ ಭಾಗಾಕಾರವನ್ನು ಮಾಡಿ ನೋಡುವುದು ಒಳ್ಳೆಯದು. ತೀವ್ರ ಜ್ವರ, ಹೆರಿಗೆ, ಉಪವಾಸಗಳು ಅನೇಕ ಕೂಪಗಳನ್ನು ಒಮ್ಮೆಗೇ ವಿಶ್ರಾಂತಿಗೆ ತಳ್ಳುತ್ತವೆ. ಕೂದಲು ಉದುರುವುದು ಎರಡು ಮೂರು ತಿಂಗಳ ಮೇಲೆ. 2020 ಮತ್ತು 2021ರ ಕೋವಿಡ್ ಜ್ವರದ ಬಳಿಕ ಹಲವರು ಇದನ್ನು ಅನುಭವಿಸಿದರು. ಸಾಮಾನ್ಯವಾಗಿ ಆರೇಳು ತಿಂಗಳಲ್ಲಿ ಅದು ತಾನೇ ಸರಿಹೋಗುವುದರಿಂದ, ಆ ವೇಳೆಗೆ ಹಚ್ಚುತ್ತಿದ್ದ ಎಣ್ಣೆಗೆ ಕೀರ್ತಿ ಬರುತ್ತದೆ.

ಎಣ್ಣೆಗೆ ನಿಜವಾದ ಗುಣವೂ ಇಲ್ಲದಿಲ್ಲ. ಕೊಬ್ಬರಿ ಎಣ್ಣೆಯು ಎಳೆಯೊಳಕ್ಕೆ ಇಳಿದು, ತೊಳೆಯುವಾಗ ಕೆರಾಟಿನ್ ಸೋರಿಹೋಗುವುದನ್ನು ತಡೆಯುತ್ತದೆಂದು ಮುಂಬಯಿಯ ರೇಲೆ ಮತ್ತು ಮೋಹಿಲೆ 2003ರಲ್ಲಿ ತೋರಿಸಿದರು. ಅವರು ಕೊಬ್ಬರಿ ಎಣ್ಣೆಯನ್ನು ಮಾರುವ ಸಂಸ್ಥೆಯವರೆಂಬುದನ್ನು ಓದುಗರು ನೆನಪಿಡಬೇಕು, ಪ್ರಯೋಗವು ಒಪ್ಪತಕ್ಕದ್ದೇ ಆದರೂ. ಸತ್ತ ಎಳೆಯನ್ನು ಕಾಯುವ ಎಣ್ಣೆ ಹೊಸ ಕೂದಲನ್ನು ಹುಟ್ಟಿಸಲಾರದು.

ತೊಳೆಯುವ ನೀರಿನ ವಿಷಯ ನಮ್ಮ ಈ ಸೀಮೆಯಲ್ಲಿ ವಿಶೇಷವಾದುದು. ಲೋಕಾಪುರದ ಸುತ್ತಮುತ್ತ ನೆಲದಡಿಯಲ್ಲಿ ಸುಣ್ಣಕಲ್ಲಿದೆ. ಅದನ್ನು ಕರಗಿಸಿಕೊಂಡ ಗಡಸು ನೀರಿನಲ್ಲಿ ಸಾಬೂನು ನೊರೆಗಟ್ಟದೆ ಸುಣ್ಣದೊಡನೆ ಕೂಡಿ ಬಿಳಿಯ ಗಸಿಯಾಗಿ ಕೂದಲಿಗೆ ಅಂಟುತ್ತದೆ. ಕೂದಲು ಜಡ್ಡಾಗಿ ಸಿಕ್ಕುಗಟ್ಟುವುದಕ್ಕೆ ಇದೊಂದು ಕಾರಣ. ಸೀಗೆಕಾಯಿ, ಅಂಟುವಾಳಗಳ ನೊರೆಗೆ ಕಾರಣವಾದ ಸಪೋನಿನ್‌ಗಳು ಹೀಗೆ ಗಸಿಯಾಗುವುದಿಲ್ಲ. ಇಂದಿನ ಶಾಂಪೂಗಳೂ ಆಗುವುದಿಲ್ಲ. ಮೇಲಾಗಿ ನಮ್ಮ ತೊಗಲಿನ ಮೇಲ್ಮೈ ತುಸು ಆಮ್ಲೀಯ, ಸಾಬೂನು ಕ್ಷಾರ. ದಿನಕ್ಕೆ ಮೂರು ಸಲ ಸಾಬೂನು ಹಚ್ಚಿ ಮುಖ ತೊಳೆಯುವವರ ತೊಗಲು ಬಿರಿಯುವುದು ಇದರಿಂದಲೇ. ದುಡಿದು ಬಂದ ಮೇಲೆ ಬೆವರನ್ನು ಬರಿಯ ನೀರಿನಿಂದ ತೊಳೆದು, ತೊಡೆಸಂದು, ಕಾಲ್ಬೆರಳುಗಳ ಸಂದುಗಳನ್ನು ಒಣಗಿಸಿ, ಒಣಗಿದ ಬಟ್ಟೆ ಉಟ್ಟರೆ ಬೂಷ್ಟಿಗೆ ಅಷ್ಟು ಸುಲಭವಾಗಿ ಎಡೆ ಸಿಗುವುದಿಲ್ಲ.

ನಾಯಿಯನ್ನು ಸಾಕಿದ ಬಾಲಕರು ತಮ್ಮ ಸಾಬೂನಿನಿಂದಲೇ ಅದಕ್ಕೂ ಸ್ನಾನ ಮಾಡಿಸುವುದನ್ನು ಕಾಣುತ್ತೇವೆ. ನಾಯಿಯ ಹೊರಚರ್ಮ ನಮ್ಮದಕ್ಕಿಂತ ತೆಳುವು. ರೋಮದ ಅಡಿಯಲ್ಲಿ ಅಡಗಿರುವ ಅದು ನಮ್ಮ ತೊಗಲಿನಂತೆ ಆಮ್ಲೀಯವೂ ಅಲ್ಲ. ಅದಕ್ಕೆ ನಾಯಿಗೆಂದೇ ತಯಾರಿಸಿದ ಸೌಮ್ಯ ದ್ರಾವಣವನ್ನು ಬಳಸಬೇಕು. ಬೇಸಗೆಯಲ್ಲಿ ಅದಕ್ಕೆ ಸ್ನಾನಕ್ಕಿಂತಲೂ ಹೆಚ್ಚಾಗಿ ಬೇಕಾದುದು ನೆರಳು ಮತ್ತು ಒಂದು ಬೋಗುಣಿ ತುಂಬ ನೀರು.